ಮಿಸ್ ರೆಂಕ್ ಅವರ ಕಳೆದುಹೋದ ವೋಟು

ಏಪ್ರಿಲ್ ತಿಂಗಳ ಮೊದಲ ಮಂಗಳವಾರ ಸಂಜೆ ನನ್ನ ಡೈರಿಯಲ್ಲಿ ಬರೆದಿರುವುದು ಇಷ್ಟೇ: "ನನ್ನ ಕೋಟಿನ ಮೇಲೆ ಒಂದು ಸುಳ್ಳು ಅಂಟಿಕೊಂಡಿದೆ. ಅಂಟಿಸಿದವಳು ನಾನಲ್ಲ. ಆದರೆ ಕಿತ್ತು ಹಾಕಲೂ ಇಲ್ಲ. ನಾಳೆ ಯಾರಿಗಾದರೂ ಹೇಳಬೇಕು."

ಸುಳ್ಳು ದೊಡ್ಡದೇನಲ್ಲ. ಕೋಳಿಮೊಟ್ಟೆಯಷ್ಟು ಅಗಲದ ಒಂದು ಸ್ಟಿಕ್ಕರ್. ಮೇಲೆ ಬಾವುಟ, ಕೆಳಗೆ 'ನಾನು ವೋಟು ಹಾಕಿದೆ' ಎಂಬ ಬರಹ. ಆ ದಿನ ನಮ್ಮ ಲೂನ್ ಮಿಲ್ ಊರಿನಲ್ಲಿ ಸಾವಿರದ ಇನ್ನೂರ ಇಪ್ಪತ್ತೆರಡು ಜನ ಅದನ್ನು ಎದೆಯ ಮೇಲೆ ಅಂಟಿಸಿಕೊಂಡು ಓಡಾಡಿದರು. ಅವರೆಲ್ಲ ವೋಟು ಹಾಕಿದ್ದರು. ಸಾವಿರದ ಇನ್ನೂರ ಇಪ್ಪತ್ತಮೂರನೆಯವಳು ನಾನು. ನಾನು ಹಾಕಿರಲಿಲ್ಲ.

ಇದನ್ನು ಊರಿನ ಕಟುಕನೋ ದಂತವೈದ್ಯನೋ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ನಾನು ಲೂನ್ ಮಿಲ್ ಹೈಸ್ಕೂಲಿನಲ್ಲಿ ಹನ್ನೆರಡನೇ ತರಗತಿಗೆ ಸರ್ಕಾರ ಮತ್ತು ಪೌರನೀತಿ ಪಾಠ ಮಾಡುವವಳು. ಕಾಯಂ ಮೇಷ್ಟ್ರು ಸೊಂಟದ ಆಪರೇಷನ್ನಿಗೆ ಹೋದರು. ಮೊದಲ ಸಲ ಹಾಕಿದ ಕೀಲು ಅವರಿಗೆ ಒಗ್ಗದೆ ಎರಡನೆಯದನ್ನು ಹಾಕಬೇಕಾಯಿತು. ಹಾಗಾಗಿ ವರ್ಷಪೂರ್ತಿ ಅವರ ಮೇಜಿನ ಹಿಂದೆ ನಾನು. ನನಗೆ ರಾಜ್ಯಶಾಸ್ತ್ರದ ಪದವಿ ಇದೆ, ಮಾತಾಡುವ ಅಭ್ಯಾಸ ಇಲ್ಲ. ಒಂದು ವಾಕ್ಯ ಹೇಳಬೇಕಾದರೆ ಮನಸ್ಸಿನಲ್ಲಿ ಮೂರು ಸಲ ಹೇಳಿಕೊಂಡು ನಾಲ್ಕನೆಯ ಸಲಕ್ಕೆ ಬಾಯಿ ತೆರೆಯುತ್ತೇನೆ. ಅಷ್ಟು ಹೊತ್ತಿಗೆ ಎದುರಿನವರು ಹವಾಮಾನದ ವಿಷಯಕ್ಕೆ ಹೋಗಿರುತ್ತಾರೆ.

ಪಾಠದಲ್ಲಿ ಮಾತ್ರ ನಾನು ಹುಲಿ. ಪುಸ್ತಕ ಕೈಯಲ್ಲಿದ್ದರೆ ಸಾಕು. ಮೂರು ವಾರದಿಂದ ನಾನು ಒಂದೇ ರಾಗ ಹಾಡಿದ್ದೆ. ಒಂದೇ ಒಂದು ವೋಟು ಎಂದರೆ ಎಷ್ಟು, ಮನೆಯಲ್ಲಿ ಕೂತವರು ಯಾರಿಗೆ ಬಿಟ್ಟುಕೊಟ್ಟಂತೆ, ಇತ್ಯಾದಿ. ಆ ಸಲದ ಮತಪತ್ರದಲ್ಲಿ ನಮ್ಮ ಶಾಲೆಯದೇ ಪ್ರಶ್ನೆಯೊಂದಿತ್ತು: ಶಾಲೆಗಾಗಿ ಊರಿನವರು ಸ್ವಲ್ಪ ಹೆಚ್ಚು ತೆರಿಗೆ ಕೊಡಲು ಒಪ್ಪುತ್ತೀರಾ? ಒಪ್ಪಿದರೆ ಬ್ಯಾಂಡು, ಸಂಜೆ ಐದೂವರೆಯ ಬಸ್ಸು ಮತ್ತು ಪೌರನೀತಿಯ ತರಗತಿ ಉಳಿಯುತ್ತವೆ. ಒಪ್ಪದಿದ್ದರೆ ಮೂರೂ ಹೋಗುತ್ತವೆ.

ಆ ಬೆಳಿಗ್ಗೆ ಏಳು ಗಂಟೆಗೆ ನಾನು ಲೂಥರನ್ ಚರ್ಚಿನ ನೆಲಮಾಳಿಗೆಗೆ ಹೋಗಿದ್ದು ನಿಜ. ನಮ್ಮ ಮತಗಟ್ಟೆ ಅದೇ. ಮೆಟ್ಟಿಲು ಹನ್ನೊಂದು. ಒಂಬತ್ತು ಇಳಿದೆ. ಅಲ್ಲಿಂದ ಉದ್ದನೆಯ ಮೇಜು ಕಾಣುತ್ತಿತ್ತು. ಮೇಜಿನ ಕೊನೆಯಲ್ಲಿ, ಮತಪತ್ರ ನುಂಗುವ ಮೆಷಿನ್ನಿನ ಪಕ್ಕದ ಕುರ್ಚಿಯಲ್ಲಿ ಅಮ್ಮ ಇಪ್ಪತ್ತೆರಡು ವರ್ಷ ಕೂತಿದ್ದಳು. ಎಷ್ಟು ನಿಯಮದವಳೆಂದರೆ ಸ್ವಂತ ಗಂಡನ ಮುಖ ನೋಡಿ ಗುರುತಿನ ಚೀಟಿ ಕೇಳುತ್ತಿದ್ದಳು. ಅಪ್ಪ ಅದನ್ನು ಲಾರಿಯಲ್ಲಿ ಮರೆತು ಬಂದ ವರ್ಷ ಅವರನ್ನು ವಾಪಸ್ಸು ಕಳಿಸಿದ್ದಳು. ಜನವರಿಯಲ್ಲಿ ಅಮ್ಮ ತೀರಿಕೊಂಡಳು. ಏಪ್ರಿಲ್‌ನಲ್ಲಿ ಆ ಕುರ್ಚಿಯ ಮೇಲೆ ಯಾರದೋ ಊಟದ ಡಬ್ಬಿ ಇತ್ತು.

ನಾನು ಒಂಬತ್ತು ಮೆಟ್ಟಿಲು ಹತ್ತಿ ವಾಪಸ್ಸು ಬಂದೆ.

ಕಾರಿನ ಬಾಗಿಲು ತೆಗೆಯುವಾಗ ವರ್ನಾ ಆಂಟಿ ಗಾಳಿಗೆಂದು ಹೊರಗೆ ಬಂದರು. ವರ್ನಾ ಲುಡ್ಕೆ, ವಯಸ್ಸು ಎಪ್ಪತ್ತಾರು, ಮೂವತ್ತೊಂದು ವರ್ಷದಿಂದ ಮತಗಟ್ಟೆಯ ಯಜಮಾನಿ, ಅಮ್ಮನ ಜೀವದ ಗೆಳತಿ.

"ಬೆಳಬೆಳಿಗ್ಗೆನೇ ಮುಗಿಸ್ಬಿಟ್ಯಾ ಡೆಲ್ಲಾ? ನಿಮ್ಮಮ್ಮನ ಮಗಳು ಅಂದ್ರೆ ಸುಮ್ನೆನಾ," ಎಂದರು. ಏಪ್ರನ್ನಿನ ಜೇಬಿನಿಂದ ಸ್ಟಿಕ್ಕರ್ ತೆಗೆದು ನನ್ನ ಕೋಟಿಗೆ ಒತ್ತಿ ಅಂಟಿಸಿದರು. "ಇದನ್ನ ಇಸ್ಕೊಳ್ದೇ ಹೋಗ್ತೀಯಲ್ಲ, ಪೆದ್ದಿ." ಆಮೇಲೆ ನನ್ನ ಕೆನ್ನೆ ಮುಟ್ಟಿದರು. ಅವರ ಕಣ್ಣು ಒದ್ದೆಯಾಯಿತು. ನಾನು ವಾಕ್ಯವನ್ನು ಮನಸ್ಸಿನಲ್ಲಿ ಎರಡನೆಯ ಸಲ ಹೇಳಿಕೊಳ್ಳುವಷ್ಟರಲ್ಲಿ ಅವರು ಒಳಗೆ ಹೋಗಿಯಾಗಿತ್ತು.

ಶಾಲೆ ಮುಗಿದ ಮೇಲೆ ಮತ್ತೆ ಹೋದೆ. ಕಾರಿನಲ್ಲೇ ಕೂತೆ. ಎಂಟು ಗಂಟೆಗೆ ಚರ್ಚಿನ ಬಾಗಿಲು ಹಾಕಿದರು.

ಈ ಎರಡರ ನಡುವೆ ತರಗತಿಯೊಂದಿತ್ತು. ನಾನು ಕೋಟು ಬಿಚ್ಚಿ ಒಳಗೆ ಹೋಗಬೇಕಿತ್ತು. ಆದರೆ ಶಾಲೆಯ ಬಾಯ್ಲರ್ ಮಾರ್ಚ್ ತಿಂಗಳಲ್ಲೇ ಕೆಟ್ಟಿತ್ತು. ಅದರ ರಿಪೇರಿಯೂ ಅದೇ ಮತಪತ್ರದಲ್ಲಿತ್ತು.

"ನೋಡ್ರೋ, ಮಿಸ್ ಹಾಕ್ಬಿಟ್ರು," ಎಂದ ಟಕರ್ ನೀಡಮ್, ಕೊನೆಯ ಬೆಂಚಿನಿಂದ. ನಮ್ಮ ತರಗತಿಯ ಅಧಿಕೃತ ತರಲೆ. "ಯಾವ ಕಡೆ ಅಂತ ಕೇಳಲ್ಲ ಮಿಸ್. ಗುಪ್ತ ಮತದಾನ. ನೀವೇ ಹೇಳ್ಕೊಟ್ಟಿದ್ದು. ಆದ್ರೆ ಕಣ್ಣು ಹೊಡೆದ್ರೆ ನಾವು ಅರ್ಥ ಮಾಡ್ಕೋತೀವಿ."

ಇಪ್ಪತ್ತೈದು ಮಕ್ಕಳು ಚಪ್ಪಾಳೆ ಹೊಡೆದರು. ಮುಂದಿನ ಬೆಂಚಿನ ಮಾಯ್ ವಾಂಗ್ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಅವಳು ಬರೆದುಕೊಳ್ಳುತ್ತಿದ್ದಳು. ಮಾಯ್ ನಾನು ಸೀನಿದರೂ ಬರೆದುಕೊಳ್ಳುವ ಹುಡುಗಿ. ಇನ್ನು ಹನ್ನೊಂದು ದಿನಕ್ಕೆ ಅವಳಿಗೆ ಹದಿನೆಂಟು ತುಂಬುತ್ತಿತ್ತು, ಆ ಹನ್ನೊಂದು ದಿನದ ಸಂಕಟ ಅವಳಿಗೆ ಮಾತ್ರ ಗೊತ್ತು.

"ನಮ್ಮಜ್ಜಿನೂ ಹಾಕಿದ್ರು ಮಿಸ್," ಎಂದಳು. "ಪೌರತ್ವ ಸಿಕ್ಕಿದ್ಮೇಲೆ ಇದೇ ಮೊದಲನೇ ಸಲ. ಸಹಿ ಮಾಡೋದನ್ನ ಒಂದು ವಾರ ಅಡುಗೆಮನೇಲಿ ಕೂತು ಬರೆದು ಕಲಿತ್ರು. ವರ್ನಾ ಆಂಟಿ ಅವರ ಪೂರ್ತಿ ಹೆಸರು ಜೋರಾಗಿ ಕರೆದಾಗ ಅತ್ತೇಬಿಟ್ರಂತೆ. ನಿಮ್ದೊಂದು ಫೋಟೋ ತೆಗೀಲಾ ಮಿಸ್? ಅಜ್ಜಿಗೆ ತೋರಿಸ್ಬೇಕು."

ಫೋಟೋ ಅಜ್ಜಿಗೆ ಹೋಯಿತು. ಅಜ್ಜಿಯಿಂದ ಊರಿನ ವಾರಪತ್ರಿಕೆಗೆ ಹೋಯಿತು. ಗುರುವಾರದ ಮುಖಪುಟದಲ್ಲಿ, ಕಳೆದುಹೋದ ನಾಯಿಯ ಪ್ರಕಟಣೆಯ ಪಕ್ಕದಲ್ಲಿ ನಾನು, ಕೆಳಗೆ 'ಕಲಿಸಿದಂತೆ ನಡೆಯುವ ಶಿಕ್ಷಕಿ' ಎಂಬ ಅಡಿಬರಹ. ನಾಯಿಯ ಮುಖದಲ್ಲಿ ನನಗಿಂತ ಹೆಚ್ಚು ಪ್ರಾಮಾಣಿಕತೆ ಇತ್ತು.

ಅದೇ ಪುಟದ ಮೇಲ್ಭಾಗದಲ್ಲಿ ಫಲಿತಾಂಶವಿತ್ತು. ಒಪ್ಪಿದವರು ಆರುನೂರ ಹನ್ನೊಂದು. ಒಪ್ಪದವರು ಆರುನೂರ ಹನ್ನೊಂದು. ಸಮಸಮ ಬಂದರೆ ಪ್ರಶ್ನೆ ಸೋತಂತೆ.

ಒಂದು ವೋಟು. ಮೂರು ವಾರ ನಾನು ಕರಿಹಲಗೆಯ ಮೇಲೆ ಬರೆದದ್ದು ಅದೇ ಸಂಖ್ಯೆ.

ನಮ್ಮ ದೇಶದಲ್ಲಿ ಯಾರು ಯಾರಿಗೆ ವೋಟು ಹಾಕಿದರೆಂಬುದು ಗುಟ್ಟು; ಯಾರು ಹಾಕಿದರು, ಯಾರು ಹಾಕಲಿಲ್ಲ ಎಂಬುದು ಗುಟ್ಟಲ್ಲ. ಆ ಪಟ್ಟಿ ಯಾರು ಕೇಳಿದರೂ ಸಿಗುತ್ತದೆ. ಇದನ್ನು ಮಕ್ಕಳಿಗೆ ಕಲಿಸಿದ ಮಹಾತಾಯಿಯೂ ನಾನೇ. ಮಾಯ್ ಶುಕ್ರವಾರ ಪಟ್ಟಣದ ಕಚೇರಿಗೆ ಹೋಗಿ ಪಟ್ಟಿ ತಂದಳು. ಸೋಮವಾರ ತರಗತಿ ಬಿಟ್ಟ ಮೇಲೆ ನನ್ನ ಮೇಜಿನ ಹತ್ತಿರ ನಿಂತಳು. ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

"ಮಿಸ್, ನಾಲ್ಕು ಸಲ ನೋಡಿದೆ. ರೀನ್‌ಹೋಲ್ಟ್ ಆದ್ಮೇಲೆ ಯೂಜೀನ್ ರೆಂಕ್ ಅಂತಿದೆ, ನಿಮ್ಮಪ್ಪ. ಆದ್ಮೇಲೆ ರೆಟ್ಟಿಗ್. ನೀವಿಲ್ಲ."

ಈಗ ಹೇಳಿಬಿಡಬೇಕು ಎಂದುಕೊಂಡೆ. ವಾಕ್ಯ ತೀರಾ ಸಣ್ಣದು. "ಮಾಯ್, ನೋಡು, ತಪ್ಪು ನನ್ನ..."

"ಇಲ್ಲ ಮಿಸ್, ನಿಮ್ಮ ತಪ್ಪು ಹೇಗಾಗತ್ತೆ?" ಎಂದಳು. "ನೀವು ಬೇಜಾರು ಮಾಡ್ಕೋಬೇಡಿ. ನಿಮ್ಮ ವೋಟನ್ನ ನಾವು ಹುಡುಕ್ತೀವಿ."

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಕಡೆ ಒಬ್ಬರು ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆದರೆ ಎದುರಿನವರು ಅದನ್ನು ಮುಗಿಸಲು ಬಿಡುವುದಿಲ್ಲ. ನಡುವೆಯೇ ಅಡ್ಡ ಬಂದು "ಅಯ್ಯೋ, ನಿಮ್ದೇನಿಲ್ಲ ಬಿಡಿ, ನನ್ದೇ ತಪ್ಪು" ಎನ್ನಬೇಕು. ಮೊದಲಿನವರು "ಇಲ್ಲಿಲ್ಲ, ನನ್ದೇ" ಎನ್ನಬೇಕು. ಎರಡು ಕಾರು ನಾಲ್ಕು ರಸ್ತೆ ಕೂಡುವಲ್ಲಿ ಎದುರಾದರೆ "ನೀವು ಮೊದಲು ಹೋಗಿ" ಎಂದು ಕೈ ಬೀಸುತ್ತಾ ಮಂಜು ಕರಗುವವರೆಗೂ ನಿಂತಿರುವ ಜನ ನಾವು. ಇಂಥ ಊರಿನಲ್ಲಿ ತಪ್ಪು ಮಾಡುವುದು ಸುಲಭ, ಒಪ್ಪಿಕೊಳ್ಳುವುದಕ್ಕೆ ಜಾಗವೇ ಇಲ್ಲ.

ಬುಧವಾರದ ಹೊತ್ತಿಗೆ ಶಾಲೆಯ ಗೋಡೆಗಳ ತುಂಬ 'ಮಿಸ್ ರೆಂಕ್ ವೋಟು ಎಲ್ಲಿ?' ಎಂಬ ಪೋಸ್ಟರ್‌ಗಳು. ಬ್ಯಾಂಡಿನವರು ಊಟದ ವಿರಾಮದಲ್ಲಿ ಬಾವುಟದ ಕಂಬದ ಕೆಳಗೆ ನಿಂತು ಶೋಕಗೀತೆ ನುಡಿಸಿದರು. ಕೇಳಲು ಚೆನ್ನಾಗಿತ್ತು; ಉಳಿಸಿಕೊಳ್ಳಬೇಕಾದ ಬ್ಯಾಂಡು ಎಂದು ಎಲ್ಲರಿಗೂ ಅನಿಸಿತು. ಟಕರ್ ವೋಟು ಹುಡುಕಿಸಬೇಕೆಂಬ ಮನವಿಗೆ ಸಹಿ ಸಂಗ್ರಹಿಸಲು ದಿನಸಿ ಅಂಗಡಿಯ ಮುಂದೆ ಮಡಚುವ ಮೇಜು ಹಾಕಿದ. ಜೀವನದಲ್ಲಿ ಮೊದಲ ಬಾರಿಗೆ ಅವನು ಹೋಮ್‌ವರ್ಕನ್ನು ಗಡುವಿಗೆ ಮುಂಚೆ ಮಾಡಿದ್ದ.

ಮುಖ್ಯೋಪಾಧ್ಯಾಯ ಹಾಲ್ವರ್ಸನ್ ಅವರು ನನ್ನನ್ನು ಕರೆಸಿಕೊಂಡರು. ಅವರಿಗೆ ಹೆಮ್ಮೆ ಮತ್ತು ಹೆದರಿಕೆ ಒಟ್ಟಿಗೆ ಬಂದಾಗ ಬಿಕ್ಕಳಿಕೆ ಬರುತ್ತದೆ.

"ಡೆಲ್ಲಾ ಅವ್ರೇ, ನಲವತ್ತು ವರ್ಷದಲ್ಲಿ ನಮ್ಮ ಮಕ್ಕಳು ಪ್ರಜಾಪ್ರಭುತ್ವಕ್ಕೋಸ್ಕರ... ಹಿಕ್... ಊಟ ಬಿಟ್ಟಿದ್ದನ್ನ ನಾನು ನೋಡಿಲ್ಲ. ಪಿಜ್ಜಾ ಇತ್ತು ಆವತ್ತು."

"ಸಾರ್, ನಾನೊಂದು ನಿಜ ಹೇಳ್ಬೇಕು. ಆ ದಿನ ನಾನು ಒಳಗೆ..."

"ಹೇಳ್ಬೇಡಿ," ಎಂದು ಎರಡೂ ಕೈ ಎತ್ತಿದರು. "ಒಳಗೆ ಯಾವ ಕಡೆ ಗುರುತು ಹಾಕಿದ್ರಿ ಅಂತ ನನಗೆ ಹೇಳ್ಲೇಬೇಡಿ. ನಾಳೆ ಯಾರಾದ್ರೂ ಕೋರ್ಟಲ್ಲಿ ಕೇಳಿದ್ರೆ ನಾನು ಸುಳ್ಳು ಹೇಳೋ ಹಾಗಾಗ್ಬಾರ್ದು. ನಿಮ್ಮದು ಎಷ್ಟು ದೊಡ್ಡ ಮನಸ್ಸು. ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ಹೊತ್ತಿಗೆ ಕಿರುಚಾಡಿರೋರು."

ನಾನು ಕಿರುಚಾಡಿರಲಿಲ್ಲ. ಅದೊಂದು ನಿಜ.

ಊರಿನವರು ಸೇರುವ ಇನ್ನೊಂದು ಶಾಸನಸಭೆ ಎಂದರೆ ನನ್ನ ಬೆವ್ ಚಿಕ್ಕಮ್ಮನ ಕೂದಲಂಗಡಿ. ಅಲ್ಲಿ ಒಮ್ಮೆ ತಲೆಯೊಡ್ಡಿದವರು ಹೊರಗೆ ಬರುವಾಗ ಹೊಸ ಕೂದಲೂ ಹೊಸ ಅಭಿಪ್ರಾಯವೂ ಪಡೆದಿರುತ್ತಾರೆ. ಶನಿವಾರ ಹೋದಾಗ ಚಿಕ್ಕಮ್ಮ ನನ್ನನ್ನು ಕುರ್ಚಿಗೆ ತಳ್ಳಿ ಕತ್ತಿಗೆ ಬಟ್ಟೆ ಕಟ್ಟಿದಳು.

"ವರ್ನಾಳ ಕಣ್ಣಿಗೆ ಪೊರೆ ಆಪರೇಷನ್ ಆಗಿತ್ತಲ್ಲ, ಅದೇ ಕಾರಣ ಅಂತ ಎಲ್ರೂ ಹೇಳ್ತಿದ್ದಾರೆ," ಎಂದಳು.

"ಎಲ್ರೂ ಅಂದ್ರೆ ಯಾರು ಚಿಕ್ಕಮ್ಮ?"

"ನಾನು ಹೇಳ್ದೆ, ಅವ್ರೆಲ್ಲ ಒಪ್ಪಿದ್ರು." ಕತ್ತರಿ ಆಡಿತು. "ಪಾಪ, ಅವಳಿಗೂ ವಯಸ್ಸಾಯ್ತು. ಸಹಿ ಮಾಡ್ಸೋದು ಮರೆತಿದ್ದಾಳೆ, ಕಾಗದ ಎಲ್ಲೋ ಮೆಷಿನ್ ಸಂದೀಲಿ ಸಿಕ್ಕಿರ್ಬೇಕು. ನಿಮ್ಮಮ್ಮ ಇದ್ದಿದ್ರೆ ಹೀಗಾಗ್ತಿತ್ತಾ?"

"ಚಿಕ್ಕಮ್ಮ, ವರ್ನಾ ಆಂಟಿದು ಏನೂ ತಪ್ಪಿಲ್ಲ. ನಾನೇ..."

"ನೋಡಿ, ನೋಡಿ," ಎಂದಳು ಚಿಕ್ಕಮ್ಮ, ಡ್ರೈಯರ್ ಕೆಳಗೆ ಕೂತಿದ್ದ ಇಬ್ಬರು ಹೆಂಗಸರ ಕಡೆ ತಿರುಗಿ. "ಇವಳ ವೋಟು ಕಳೆದವಳ ಪರವಾಗಿ ಇವಳೇ ಮಾತಾಡ್ತಾಳೆ. ಥೇಟ್ ಅವರಮ್ಮನೇ. ತಲೆ ಆಡಿಸ್ಬೇಡ, ಕಿವಿ ಹೋಗತ್ತೆ."

ನಾನು ತಲೆ ಆಡಿಸಲಿಲ್ಲ. ಹೊರಗೆ ಬಂದಾಗ ನನ್ನ ಕೂದಲು ಚಿಕ್ಕದಾಗಿತ್ತು, ಸುಳ್ಳು ಇನ್ನಷ್ಟು ಉದ್ದವಾಗಿತ್ತು.

ಆ ವಾರದ ಕೊನೆಗೆ ಸುದ್ದಿಯೊಂದು ಬಂತು. ಶಾಲಾ ಸಮಿತಿ ಮಂಗಳವಾರ ವಿಶೇಷ ಸಭೆ ಕರೆದಿದೆ. ವರ್ನಾ ಲುಡ್ಕೆ ತಮ್ಮ ತಪ್ಪನ್ನು ಅಲ್ಲಿ ಒಪ್ಪಿಕೊಂಡು ಮತಗಟ್ಟೆಯ ಕೆಲಸಕ್ಕೆ ರಾಜೀನಾಮೆ ಕೊಡುತ್ತಾರೆ.

ಭಾನುವಾರ ನಾನು ಅವರ ಮನೆಗೆ ಹೋದೆ. ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಒಲೆಯಲ್ಲಿ ಬೇಯಿಸಿದ ನೂಡಲ್ಸು, ಟ್ಯೂನಾ ಮೀನು, ಬಟಾಣಿಯ ಪಾತ್ರೆಯೊಂದನ್ನು ಹಿಡಿದುಕೊಂಡೆ. ಪಾತ್ರೆ ಅವರದೇ. ಅಮ್ಮ ತೀರಿಕೊಂಡ ವಾರ ನೆರೆಹೊರೆಯವರಿಂದ ನಮ್ಮ ಮನೆಗೆ ಇಂಥ ಹದಿನೇಳು ಪಾತ್ರೆ ಬಂದಿದ್ದವು. ನಾನೂ ಅಪ್ಪನೂ ಮಾರ್ಚ್‌ವರೆಗೆ ಬಟಾಣಿ ತಿಂದೆವು.

ವರ್ನಾ ಆಂಟಿ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಮೇಜಿನ ತುಂಬ ಹಳದಿ ಕಾಗದದ ಹಾಳೆಗಳು. ಒಂದರಲ್ಲಿ ಐವತ್ತು ರಾಜ್ಯಗಳ ರಾಜಧಾನಿಗಳು. ಇನ್ನೊಂದರಲ್ಲಿ ಅವರ ಕ್ಲಾಸಿನಲ್ಲಿ ಓದಿದವರ ಹೆಸರುಗಳು, ಬೆಂಚಿನ ಪ್ರಕಾರ. ಮತ್ತೊಂದರಲ್ಲಿ ಆ ವಾರ ಅವರು ತಿಂದ ತಿಂಡಿ.

"ನಲವತ್ತೊಂಬತ್ತು ಬಂತು," ಎಂದರು. "ಒಂದು ಬರ್ತಾ ಇಲ್ಲ. ಹೇಳ್ಬೇಡ. ಹೇಳಿದ್ರೆ ಲೆಕ್ಕಕ್ಕೆ ಬರಲ್ಲ."

ನಾನು ಹೇಳಲಿಲ್ಲ. ನನಗೂ ಯಾವುದೆಂದು ತಿಳಿಯಲಿಲ್ಲ.

"ಕೂತ್ಕೋ ಮಗಳೇ. ಆ ದಿನದ್ದು ನನಗೆ ಚೆನ್ನಾಗಿ ನೆನಪಿದೆ ಕಣೆ, ಅದೇ ಕಷ್ಟ," ಎಂದರು. "ನೀನು ನೀಲಿ ಸ್ಕಾರ್ಫ್ ಹಾಕ್ಕೊಂಡಿದ್ದೆ. ಮೆಷಿನ್ ಮುಂದೆ ನಿಂತು ಕಾಗದ ಒಳಗೆ ಹೋಗೋವಾಗ ಕಣ್ಣು ಮುಚ್ಚಿದೆ. ನಾನು ಮನಸ್ಸಲ್ಲೇ ಅಂದ್ಕೊಂಡೆ, ಅಮ್ಮನ್ನ ನೆನೆಸ್ಕೊಂಡ್ಳು ಹುಡುಗಿ ಅಂತ. ಇಷ್ಟು ನೆನಪಿದೆ. ಆದ್ರೆ ಪುಸ್ತಕದಲ್ಲಿ ನಿನ್ನ ಸಹಿ ಇಲ್ಲ. ಡಬ್ಬೀಲಿ ಕಾಗದ ಇಲ್ಲ. ಇದಕ್ಕೇನಂತಾರೆ ಹೇಳು."

ಆ ದಿನ ನಾನು ಸ್ಕಾರ್ಫ್ ಹಾಕಿರಲೇ ಇಲ್ಲ.

ನನ್ನ ಒಂದು ಸ್ಟಿಕ್ಕರಿಗಾಗಿ ಆಕೆ ಒಂದು ವಾರ ಕೂತು ಇಡೀ ಒಂದು ಬೆಳಗನ್ನು ಕಟ್ಟಿದ್ದರು, ಸ್ಕಾರ್ಫಿನ ಸಮೇತ. ಊರಿನ ಮಾತು ಸುಳ್ಳಾಗಲಾರದು ಎಂಬ ನಂಬಿಕೆಯಿಂದ ತಮ್ಮ ತಲೆಯನ್ನೇ ಸುಳ್ಳು ಮಾಡಿಕೊಂಡಿದ್ದರು.

"ಅಡೆಲ್ ಅಕ್ಕಂಗೂ ಹೀಗೇ ಶುರುವಾಗಿದ್ದು," ಎಂದರು. ಅಡೆಲ್ ಅವರ ಅಕ್ಕ, ಆರೈಕೆಯ ಮನೆಯಲ್ಲಿದ್ದು ಹೋದ ವರ್ಷ ತೀರಿಕೊಂಡವರು. "ಮೊದಲು ಬೀಗದಕೈ ಎಲ್ಲಿಟ್ಟೆ ಅಂತ. ಆಮೇಲೆ ನಾನ್ಯಾರು ಅಂತ. ಡಾಕ್ಟ್ರ ಹತ್ರ ಮುಂದಿನ ತಿಂಗಳು ಹೋಗ್ತೀನಿ. ಕಾರು ಓಡಿಸೋದು ಬಿಟ್ಬಿಟ್ಟೆ. ಯಾರಿಗಾದ್ರೂ ಗುದ್ದಿಬಿಟ್ರೆ?"

"ವರ್ನಾ ಆಂಟಿ, ನಿಮ್ಮ ತಲೆ ಸರಿಯಾಗೇ ಇದೆ. ನಾನು ಆವತ್ತು..."

"ನೋಡು, ನನ್ನ ಮರ್ಯಾದೆ ಉಳಿಸೋಕೆ ಏನೇನೋ ಹೇಳ್ಬೇಡ." ಅವರು ನನ್ನ ಕೈ ಹಿಡಿದುಕೊಂಡರು, ಗಟ್ಟಿಯಾಗಿ. "ನೀನು ನನಗೋಸ್ಕರ ಸುಳ್ಳು ಹೇಳಿದ್ರೆ ನಾನು ನಿಮ್ಮಮ್ಮ ಕ್ಯಾರಲ್‌ಗೆ ಯಾವ ಮುಖ ತೋರಿಸ್ಲಿ? ಸತ್ತಮೇಲೆ ನಾನೂ ಅಲ್ಲಿಗೇ ಹೋಗ್ಬೇಕು. ಬಾಗಿಲಲ್ಲಿ ಗುರುತಿನ ಚೀಟಿ ಕೇಳ್ಕೊಂಡು ಕೂತಿರ್ತಾಳೆ."

ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ಅತ್ತೆವು. ಆಮೇಲೆ ಅವರು ನಿಂಬೆಹಣ್ಣಿನ ಬರ್ಫಿ ತಂದರು. ಹೊರಡುತ್ತೇನೆ ಎಂದು ನಾನು ಮೊಣಕಾಲಿಗೆ ಕೈ ಊರಿ ಎದ್ದಾಗ ನಾಲ್ಕೂಕಾಲು. ಅಡುಗೆಮನೆಯಲ್ಲಿ ಹತ್ತು ನಿಮಿಷ, ಬಾಗಿಲಲ್ಲಿ ಹದಿನೈದು ನಿಮಿಷ, ಮೆಟ್ಟಿಲ ಮೇಲೆ ಹತ್ತು ನಿಮಿಷ, ಕಾರಿನ ಕಿಟಕಿಯ ಹತ್ತಿರ ಹತ್ತು ನಿಮಿಷ ಮಾತಾಡಿದೆವು. ಒಟ್ಟು ನಲವತ್ತೈದು ನಿಮಿಷ. ನನ್ನ ವಾಕ್ಯ ಹೇಳಲು ಎರಡು ಕ್ಷಣ ಸಾಕಿತ್ತು. ಕಾರು ತಿರುಗಿಸುವಾಗ ಅವರು ಹಿಂದಿನಿಂದ ಕೂಗಿದರು: "ಸಿಕ್ತು, ಐವತ್ತನೇದು! ಪಿಯರ್. ಸೌತ್ ಡಕೋಟಾ."

ಅಪ್ಪ ಜಿಲ್ಲೆಯ ಹಿಮ ತಳ್ಳುವ ಲಾರಿ ಓಡಿಸುತ್ತಾರೆ. ದಿನಕ್ಕೆ ಹತ್ತು ಮಾತು ಅವರ ಮಿತಿ, ಅದರಲ್ಲಿ ಆರು ಬೆಕ್ಕಿಗೆ. ಸೋಮವಾರ ಊಟದ ಹೊತ್ತಿಗೆ ತಟ್ಟೆಯಿಂದ ತಲೆ ಎತ್ತದೆ ಹೇಳಿದರು:

"ವರ್ನಾ ತಪ್ಪು ಮಾಡೋಳಲ್ಲ."

"ಗೊತ್ತು ಅಪ್ಪ."

ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ, "ಆವತ್ತು ಚರ್ಚಿನ ಮುಂದೆ ನಿನ್ನ ಕಾರಿತ್ತು. ಬೆಳಿಗ್ಗೆನೂ. ಸಂಜೆನೂ." ಬೆಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿ, "ನನಗೂ ಆ ಮೆಟ್ಟಿಲು ಇಳಿಯೋಕೆ ಆಗ್ಲಿಲ್ಲ ಮೊದಲು. ಲಾರೀಲಿ ಕೂತೆ ಸುಮಾರು ಹೊತ್ತು."

ಅಷ್ಟೇ. ಬೆಕ್ಕಿನ ಪಾಲೂ ಅದರಲ್ಲೇ ಮುಗಿದಿತ್ತು. ಎದ್ದು ತಟ್ಟೆ ತೊಳೆಯಲು ಹೋದರು.

ಮಂಗಳವಾರದ ಸಭೆ ಶಾಲೆಯ ಜಿಮ್ನೇಷಿಯಮ್ಮಿನಲ್ಲಿ. ಬಾಸ್ಕೆಟ್‌ಬಾಲ್ ಪಂದ್ಯಕ್ಕೂ ಅಷ್ಟು ಜನ ಬಂದಿದ್ದನ್ನು ನಾನು ಕಂಡಿಲ್ಲ. ಚೆಂಡು ಹಾಕುವ ಬುಟ್ಟಿಯ ಕೆಳಗೆ ಉದ್ದ ಮೇಜು, ಮೇಜಿನ ಹಿಂದೆ ಐದು ಜನ ಸಮಿತಿಯವರು, ನಡುವೆ ಅಧ್ಯಕ್ಷ ಡೇಲ್ ಕ್ರುಪ್ಕೆ. ಟ್ರ್ಯಾಕ್ಟರ್ ಮಾರುವ ಮನುಷ್ಯ, ಆದರೆ ನಿಯಮದ ಪುಸ್ತಕವನ್ನು ಬೈಬಲ್ಲಿನಂತೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ.

"ಮಾತಾಡೋರು ಹೆಸರು, ವಿಳಾಸ ಹೇಳ್ಬೇಕು. ಮೂರು ನಿಮಿಷ. ಹಸಿರು ದೀಪ ಅಂದ್ರೆ ಮಾತಾಡಿ, ಹಳದಿ ಅಂದ್ರೆ ಮುಗಿಸಿ, ಕೆಂಪು ಅಂದ್ರೆ ಕೂತ್ಕೊಳಿ. ಸಮಿತಿ ಕಡೆ ಮುಖ ಮಾಡಿ ಮಾತಾಡ್ಬೇಕು. ಜನರ ಕಡೆ ತಿರುಗಂಗಿಲ್ಲ. ಇದು ಚರ್ಚೆ ಅಲ್ಲ, ಅಭಿಪ್ರಾಯ."

ಮೊದಲು ಹೆಸರು ಕೊಟ್ಟಿದ್ದ ಮುದುಕರೊಬ್ಬರು ಫುಟ್‌ಬಾಲ್ ಮೈದಾನದಲ್ಲಿ ಕಾಡುಬಾತುಗಳು ಹೇಲುವುದರ ಬಗ್ಗೆ ಮೂರು ನಿಮಿಷ ಮಾತಾಡಿದರು. ಅವರು ಪ್ರತಿ ಸಭೆಯಲ್ಲೂ ಅದನ್ನೇ ಮಾತಾಡುತ್ತಾರೆ, ಸಮಿತಿಯವರು ಪ್ರತಿ ಸಲವೂ ಬರೆದುಕೊಳ್ಳುತ್ತಾರೆ. ನಾನು ತರಗತಿಯಲ್ಲಿ ಇದನ್ನು ಪ್ರಜಾಪ್ರಭುತ್ವದ ಜೀವಾಳ ಎಂದು ಹೇಳಿಕೊಟ್ಟಿದ್ದೆ.

ಆಮೇಲೆ ವರ್ನಾ ಆಂಟಿ ಬಂದರು. ಚರ್ಚಿಗೆ ಹಾಕುವ ಉಡುಪು, ಕೈಯಲ್ಲಿ ಹಳದಿ ಹಾಳೆ. ಮೈಕು ಅವರ ಎತ್ತರಕ್ಕೆ ಇರಲಿಲ್ಲ. ಟಕರ್ ಎದ್ದು ಬಂದು ಅದನ್ನು ಬಗ್ಗಿಸಿದ. ತಮಾಷೆ ಮಾಡಲಿಲ್ಲ.

"ವರ್ನಾ ಲುಡ್ಕೆ, ಮೂರನೇ ಬೀದಿ, ನಾನೂರ ಆರು," ಎಂದರು. "ಮೂವತ್ತೊಂದು ವರ್ಷದಲ್ಲಿ ಒಂದು ಕಾಗದ ಕಳೆದಿರಲಿಲ್ಲ. ಈ ಸಲ ಒಬ್ಬಳ ಸಹಿ ಮಾಡ್ಸೋದು ಮರೆತೆ, ಅವಳ ವೋಟು ಕಳೆದೆ. ಹೇಗೆ ಅಂತ ನನಗೆ ಗೊತ್ತಾಗ್ತಿಲ್ಲ. ಹಾಗೆ ಗೊತ್ತಾಗ್ದೇ ಇರೋಳು ಆ ಮೇಜಿನ ಹಿಂದೆ ಕೂರಬಾರದು. ಮಕ್ಕಳ ಬ್ಯಾಂಡು ಹೋಯ್ತು, ಬಸ್ಸು ಹೋಯ್ತು. ಅದಕ್ಕೆ ನಾನು ಕಾರಣ. ಕ್ಷಮಿಸಿ."

ಹಳದಿ ದೀಪ ಕೂಡ ಹತ್ತಿರಲಿಲ್ಲ. ಅವರು ಹಾಳೆ ಮಡಚಿ ಮೊದಲ ಸಾಲಿನಲ್ಲಿ ಕೂತರು. ಅವರ ಪಕ್ಕದ ಕುರ್ಚಿ ಖಾಲಿಯಿತ್ತು. ಸಭ್ಯತೆಯಿಂದ ಎಲ್ಲರೂ ಒಂದೊಂದು ಕುರ್ಚಿ ಸರಿದು ಕೂತಿದ್ದರು.

"ಡೆಲ್ಲಾ ರೆಂಕ್," ಎಂದು ಡೇಲ್ ಕ್ರುಪ್ಕೆ ಕರೆದ.

ನನ್ನ ಹೆಸರನ್ನು ಮಕ್ಕಳೇ ಬರೆಸಿದ್ದರು. ಚಪ್ಪಾಳೆ ಶುರುವಾಯಿತು. ಬೆವ್ ಚಿಕ್ಕಮ್ಮ ಬಾಯಿಗೆ ಬೆರಳಿಟ್ಟು ಶಿಳ್ಳೆ ಹೊಡೆದಳು. ನಾನು ನಡೆದು ಹೋಗಿ ಮೈಕಿನ ಮುಂದೆ ನಿಂತೆ.

"ಡೆಲ್ಲಾ ರೆಂಕ್. ಹಳೇ ಗಿರಣಿ ರಸ್ತೆ, ಹನ್ನೆರಡು," ಎಂದೆ. ಇಷ್ಟನ್ನು ಪುಸ್ತಕ ನೋಡದೆ ಹೇಳಿದೆ.

ಹಸಿರು ದೀಪ ಹತ್ತಿತು.

ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡೆ. ಎರಡು ಸಲ. ಮೂರು ಸಲ. ನಾಲ್ಕನೆಯ ಸಲಕ್ಕೆ ಬಾಯಿ ತೆರೆದೆ, ಗಾಳಿ ಬಂತು, ಮಾತು ಬರಲಿಲ್ಲ. ಮತ್ತೆ ಮೊದಲಿನಿಂದ ಹೇಳಿಕೊಂಡೆ.

ಮೊದಲ ನಿಮಿಷ ಮುಗಿಯುವ ಹೊತ್ತಿಗೆ ಜನರಿಗೆ ನಾನು ಅಳುತ್ತಿದ್ದೇನೆ ಎನಿಸಿತು. ಹಿಂದಿನ ಸಾಲಿನಲ್ಲಿ ಮೂಗು ಸೆಳೆದುಕೊಳ್ಳುವ ಸದ್ದು ಕೇಳಿಸಿತು. ಎರಡನೆಯ ನಿಮಿಷದಲ್ಲಿ ಯಾರೋ ಪಿಸುಗುಟ್ಟಿದರು: "ಇದು ಮೌನ ಪ್ರತಿಭಟನೆ ಕಣ್ರೀ. ಅವಳ ದನಿ ಕಿತ್ಕೊಂಡ್ರಲ್ಲ, ಅದನ್ನ ತೋರಿಸ್ತಿದ್ದಾಳೆ." ಆ ಮಾತು ಸಾಲಿನಿಂದ ಸಾಲಿಗೆ ಹರಿಯಿತು. ಟಕರ್ ಎದ್ದು ನಿಂತ. ಇಪ್ಪತ್ತಾರೂ ಮಕ್ಕಳು ಎದ್ದು ತಲೆ ಬಗ್ಗಿಸಿದರು. ಅವರನ್ನು ನೋಡಿ ಅವರ ಅಪ್ಪ ಅಮ್ಮಂದಿರು ಎದ್ದರು. ಕಾಡುಬಾತಿನ ಮುದುಕರು ಟೋಪಿ ತೆಗೆದರು. ಹಾಲ್ವರ್ಸನ್ ಸಾರ್ ಎದೆಯ ಮೇಲೆ ಕೈಯಿಟ್ಟುಕೊಂಡು ಒಮ್ಮೆ ಬಿಕ್ಕಳಿಸಿದರು. ಡೇಲ್ ಕ್ರುಪ್ಕೆ ನಿಯಮದ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ನೋಡಿದ. ಸುಮ್ಮನೆ ನಿಂತವರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ ಎಂದು ಕಾಣುತ್ತದೆ. ಅವನೂ ಎದ್ದ. ಜಿಮ್ನೇಷಿಯಂ ಪೂರ್ತಿ ನಿಂತಿತು. ನನ್ನ ಜೀವನದಲ್ಲಿ ನಾನು ಕೊಟ್ಟ ಅತ್ಯಂತ ಯಶಸ್ವೀ ಭಾಷಣ ಅದು.

ಕೂತಿದ್ದವರು ಒಬ್ಬರೇ. ವರ್ನಾ ಆಂಟಿ ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ, ಮಡಚಿದ ಹಾಳೆಯನ್ನು ಇನ್ನೂ ಸಣ್ಣದಾಗಿ ಮಡಚುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ರಾಜಧಾನಿಗಳನ್ನು ಹೇಳಿಕೊಳ್ಳುತ್ತಿದ್ದರು.

ಹಳದಿ ದೀಪ ಹತ್ತಿತು.

ನಾನು ಮೈಕಿಗೆ ಬೆನ್ನು ಮಾಡಿ ತಿರುಗಿದೆ.

"ಮಿಸ್ ರೆಂಕ್," ಎಂದ ಡೇಲ್ ಕ್ರುಪ್ಕೆ ಹಿಂದಿನಿಂದ, ತುಂಬ ಮೆತ್ತಗೆ. "ಸಮಿತಿ ಕಡೆ ತಿರುಗಿ ಮಾತಾಡ್ಬೇಕು ಅಂತ ನಿಯಮ ಇದೆ."

ಎದುರಿಗೆ ಮಾಯ್ ನಿಂತಿದ್ದಳು, ಅವಳ ಪಕ್ಕದಲ್ಲಿ ಅಜ್ಜಿ. ಮಾಯ್ ಕೈಯಲ್ಲಿ ಪೆನ್ನು ತೆರೆದೇ ಇತ್ತು, ನಾನು ಏನು ಹೇಳಿದರೂ ಬರೆದುಕೊಳ್ಳಲು. ಅವಳನ್ನು ನೋಡಿದರೆ ಆಗುವುದಿಲ್ಲ ಎಂದು ಮೊದಲ ಸಾಲನ್ನೇ ನೋಡಿದೆ. ಈ ಸಲ ಮನಸ್ಸಿನಲ್ಲಿ ಹೇಳಿಕೊಳ್ಳಲು ಹೋಗಲಿಲ್ಲ.

"ವರ್ನಾ ಆಂಟಿ," ಎಂದೆ. "ನಿಮಗೆ ಯಾವುದೂ ಮರೆತಿಲ್ಲ. ನಾನು ವೋಟು ಹಾಕ್ಲಿಲ್ಲ."